ಮೂರನೆಯ ಫ್ಯೂಸ್

ಎಪ್ಪತ್ತರ ದಶಕದ ನಡುಭಾಗ. ಸುಂಕದಕಟ್ಟೆಯ ಒಂದು ಹಿಟ್ಟಿನ ಗಿರಣಿಯಲ್ಲಿ, ಡಬ್ಬಿ ಹಿಡಿದು ಕಾಯುತ್ತಿದ್ದ ಹತ್ತು ಹನ್ನೆರಡು ಜನರ ಎದುರಿಗೆ ನಾನು ಒಂದು ಮಾತು ಕೊಟ್ಟುಬಿಟ್ಟೆ. "ಇನ್ಮೇಲೆ ನಿಮ್ಮ ಮೋಟರು ಸುಡಲ್ಲ ಅಮ್ಮ. ಅದು ನನ್ನ ಜವಾಬ್ದಾರಿ." ಎಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಿಕಲ್ ವಿಭಾಗದಲ್ಲಿ ನಾನು ಆಗಷ್ಟೇ ಪ್ರೊಫೆಸರ್ ಆಗಿದ್ದೆ. ಕೈಯಲ್ಲಿ ನಾನೇ ಮಾಡಿದ ಒಂದು ತಗಡಿನ ಪೆಟ್ಟಿಗೆ ಇತ್ತು. ಎದುರಿಗೆ ಕೇಳುವ ಜನರಿದ್ದರು. ಇಷ್ಟು ಸೇರಿದರೆ ನನ್ನಂಥವನು ಸ್ವಲ್ಪ ಹೆಚ್ಚಾಗಿಯೇ ಮಾತಾಡುತ್ತಾನೆ.

ಆ ಗಿರಣಿಯ ಕಥೆ ನನಗೆ ಸಿಕ್ಕಿದ್ದು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದ. ಶನಿವಾರ ಕಾಲೇಜು ಮುಗಿಸಿ ಮನೆಗೆ ಹೋಗುವಾಗ ಸ್ಕೂಟರು ನಿಲ್ಲಿಸಿ ಅವನ ಜೊತೆ ಒಂದು ಕಾಫಿ ಕುಡಿಯುವುದು ನನ್ನ ರೂಢಿ. ಆ ದಿನ ಅವನು ಹತ್ತು ಎಚ್.ಪಿ. ಮೋಟರೊಂದನ್ನು ಬಿಚ್ಚಿ ನೆಲದ ಮೇಲಿಟ್ಟಿದ್ದ. ಒಳಗಿನ ತಾಮ್ರದ ಸುರುಳಿಗಳು ನಾಲ್ಕು ಕಡೆ ಇದ್ದಿಲಿನಂತೆ ಕಪ್ಪಾಗಿದ್ದವು. ನಡುನಡುವೆ ಇದ್ದವುಗಳ ವಾರ್ನಿಷ್ ಕೂಡ ಮಾಸಿರಲಿಲ್ಲ.

"ನೋಡಿ ಸಾರ್, ಎರಡೇ ಫೇಸಲ್ಲಿ ಓಡಿದೆ," ಎಂದ. "ಇದೇ ಮೋಟರು, ಒಂದೇ ವರ್ಷದಲ್ಲಿ ಮೂರನೇ ಸಲ ಬಂದಿದೆ. ಸುಂಕದಕಟ್ಟೆ ಗಿರಣೀದು. ನನಗೆ ಕೆಲಸ ಸಿಗುತ್ತೆ ನಿಜ, ಆದ್ರೆ ಆಯಮ್ಮನ್ನ ನೋಡಿದ್ರೆ ಪಾಪ ಅನ್ಸುತ್ತೆ."

ಗಿರಣಿಯ ಮೋಟರಿಗೆ ಮೂರು ತಂತಿಗಳಲ್ಲಿ, ಅಂದರೆ ಮೂರು ಫೇಸುಗಳಲ್ಲಿ, ಕರೆಂಟು ಬರುತ್ತದೆ. ಕಂಬದ ಮೇಲೋ ಮೇನ್ ಬೋರ್ಡಿನಲ್ಲೋ ಒಂದು ಫ್ಯೂಸ್ ಹೋಯಿತೆನ್ನಿ. ನಿಂತ ಮೋಟರು ಶುರುವಾಗುವುದಿಲ್ಲ, ಆದರೆ ಓಡುತ್ತಿರುವ ಮೋಟರು ನಿಲ್ಲುವುದೂ ಇಲ್ಲ. ಉಳಿದ ಎರಡು ತಂತಿಗಳಿಂದಲೇ ಪೂರ್ತಿ ಭಾರ ಎಳೆಯುತ್ತಾ ಓಡುತ್ತದೆ, ಕಾಯುತ್ತದೆ, ಸುಡುತ್ತದೆ. ಇದನ್ನು ತಡೆಯಬೇಕಾದ ಓವರ್‌ಲೋಡ್ ರಿಲೇ ಗಿರಣಿಯಲ್ಲಿತ್ತು. ಒಣಮೆಣಸಿನಕಾಯಿ ಹಾಕಿದಾಗಲೆಲ್ಲ ಅದು ಕಟ್ ಆಗುತ್ತದೆಂದು ಯಾರೋ ಅದರ ತಿರುಪನ್ನು ಕೊನೆಯವರೆಗೆ ತಿರುಗಿಸಿ, ಅದು ಕಟ್ ಆಗದಂತೆಯೇ ಮಾಡಿಟ್ಟಿದ್ದರು.

ಮನೆಗೆ ಹೋಗುವ ದಾರಿಯಲ್ಲೇ ನನ್ನ ತಲೆಯಲ್ಲಿ ಪೆಟ್ಟಿಗೆ ತಯಾರಾಗಿತ್ತು. ಮೂರು ತಂತಿಗೆ ಮೂರು ರಿಲೇ, ಅಂದರೆ ವೋಲ್ಟೇಜ್ ಇರುವವರೆಗೆ ಹಿಡಿದುಕೊಂಡಿರುವ ಸಣ್ಣ ಸ್ವಿಚ್ಚು. ಯಾವ ತಂತಿಯಲ್ಲಿ ವೋಲ್ಟೇಜ್ ಹೋದರೂ ಅದರ ರಿಲೇ ಬಿಟ್ಟುಕೊಳ್ಳಬೇಕು, ಸ್ಟಾರ್ಟರು ಬೀಳಬೇಕು, ಮೋಟರು ನಿಲ್ಲಬೇಕು. ನೋಡುವವರಿಗೆ ತಿಳಿಯಲಿ ಎಂದು ಮುಖದ ಮೇಲೆ ಮೂರು ಸಣ್ಣ ನಿಯಾನ್ ದೀಪ. ಎರಡೇ ವಾರದಲ್ಲಿ ಮುಗಿಸಿದೆ. ಕಾಲೇಜಿನ ಮೆಷಿನ್ಸ್ ಲ್ಯಾಬಿನಲ್ಲಿ ಒಂದು ಫ್ಯೂಸ್ ಕಿತ್ತು ಮೋಟರಿನ ಸ್ವಿಚ್ ಒತ್ತಿದರೆ ಒಂದು ದೀಪ ಆರಿಯೇ ಇರುತ್ತಿತ್ತು, ಸ್ಟಾರ್ಟರು ಹಿಡಿಯುತ್ತಲೇ ಇರಲಿಲ್ಲ. ನನಗೆ ನಾನೇ ಚಪ್ಪಾಳೆ ತಟ್ಟಿಕೊಂಡೆ. ಮರುದಿನವೇ ಸುಂಕದಕಟ್ಟೆಯಲ್ಲಿದ್ದೆ.

ಗಿರಣಿ ನಡೆಸುತ್ತಿದ್ದಾಕೆ ಆ ಊರಿನ ಹಳೆಯ ಒಕ್ಕಲು ಮನೆತನದವರು, ನಲವತ್ತರ ಆಸುಪಾಸು. ಗಂಡನಿಗೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಗಿರಣಿ ಪೂರ್ತಿ ಈಕೆಯದೇ. ಕಲ್ಲು ಕೊರೆಸುವುದು, ಬೆಲ್ಟು ಬಿಗಿಯುವುದು, ಫ್ಯೂಸಿಗೆ ತಂತಿ ಸುತ್ತುವುದು ಎಲ್ಲ ತಾವೇ. ಎಲ್ಲರೂ ಗಿರಣಿಯಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಪೆಟ್ಟಿಗೆ ಕೂರಿಸಿದೆ. ಮಾತು ಕೊಟ್ಟೆ. ಅವರು ಪೆಟ್ಟಿಗೆಗೆ ಒಂದು ಕುಂಕುಮದ ಬೊಟ್ಟಿಟ್ಟು, ನನಗೆ ಮಜ್ಜಿಗೆ ಕೊಟ್ಟರು.

ಒಂಬತ್ತನೆಯ ದಿನ ಮೋಟರು ಸುಟ್ಟುಹೋಯಿತು.

ವೈಂಡಿಂಗ್ ಅಂಗಡಿಯವನು ಕಾಲೇಜಿಗೇ ಬಂದು ತಿಳಿಸಿದ. ಪಾಠ ಅರ್ಧಕ್ಕೆ ಬಿಟ್ಟು ಹೊರಟೆ. ಗಿರಣಿಯಲ್ಲಿ ಸದ್ದಿರಲಿಲ್ಲ. ಗಿರಾಕಿಗಳು ಕೂರುವ ಬೆಂಚಿನ ಮೇಲೆ ಒಬ್ಬರು ಹಿರಿಯರು ಕಾಲು ಚಾಚಿ ಕೂತಿದ್ದರು. ಗಿರಣಿಯಮ್ಮನ ಗಂಡನ ಅಣ್ಣನಂತೆ. ಗಿರಣಿಯಮ್ಮ ಗೋಡೆಗೊರಗಿ ನಿಂತಿದ್ದರು.

"ಮೂರೂ ದೀಪ ಉರೀತಿದ್ವು ಮೇಷ್ಟ್ರೇ," ಎಂದರು.

"ಇಲ್ಲಮ್ಮ, ಒಂದು ಆರಿರ್ಬೇಕು. ನೀವು ಗಮನಿಸಿಲ್ಲ ಅನ್ಸುತ್ತೆ."

"ಅದರ ಎದುರ್ಗೇ ನಿಂತಿದ್ದೆ. ಸದ್ದು ಬದಲಾಯ್ತು, ಗುಂಯ್ ಅಂತ ಮುಲುಗ್ತು. ಮೊದ್ಲು ಸುಟ್ಟಾಗ್ಲೂ ಹಿಂಗೇ ಮುಲುಗಿತ್ತು. ಆಫ್ ಮಾಡಾನ ಅಂತ ಸ್ವಿಚ್ ಮೇಲೆ ಕೈ ಇಟ್ಟೆ. ನಿಮ್ ದೀಪ ನೋಡ್ದೆ, ಮೂರೂ ಕೆಂಪ್ಗೆ ಉರೀತಿದ್ವು. ಮೇಷ್ಟ್ರು ಮಾತು ಕೊಟ್ಟವ್ರಲ್ಲ ಅಂತ ಕೈ ತಗ್ದೆ."

ಬೆಂಚಿನ ಮೇಲಿದ್ದವರು ಮಾತಾಡಿದರು. "ಸಾಕು ಬಿಡಿ ಸಾರ್. ಈ ಜಾಗ ಟಯರ್ ಅಂಗಡೀಗೆ ಕೇಳ್ತಾವ್ರೆ. ಇನ್ನೊಂದ್ ಸಲ ಸುಟ್ರೆ ಗಿರಣಿ ಎತ್ತೋದೇ ಅಂತ ಮನೇಲಿ ತೀರ್ಮಾನ ಆಗೈತೆ."

ಗಿರಣಿಯಮ್ಮ ಕಲ್ಲಿನಲ್ಲಿ ಉಳಿದಿದ್ದ ಅರೆಬರೆ ಹಿಟ್ಟನ್ನು ಬಳಿಯತೊಡಗಿದರು. ಆದರೂ ಸ್ಕೂಟರು ಹತ್ತಿದ ಮೇಲೆ ನನ್ನ ಮನಸ್ಸು ಹೇಳುತ್ತಿದ್ದದ್ದು ಇಷ್ಟೇ: ಆಕೆ ಸರಿಯಾಗಿ ನೋಡಿಲ್ಲ. ಫೇಸ್ ಹೋದ ಮೇಲೆ ದೀಪ ಉರಿಯುವುದೆಂದರೇನು?

ಲ್ಯಾಬಿನಲ್ಲಿ ನಮ್ಮ ಇನ್‌ಸ್ಟ್ರಕ್ಟರ್ ಇದ್ದರು. ಧಾರವಾಡದ ಕಡೆಯವರು. ಹಣೆಯ ಮೇಲಿನ ವಿಭೂತಿ ಸಂಜೆಯವರೆಗೂ ಅಳಿಸದಷ್ಟು ಶಾಂತ ಮನುಷ್ಯ. ನಾನು ಕೂಗಾಡಿದ್ದನ್ನೆಲ್ಲ ಕೇಳಿಸಿಕೊಂಡರು.

"ಆಕಿ ಸುಳ್ಳು ಯಾಕ ಹೇಳ್ತಾಳ್ರೀ ಸರ?" ಎಂದರು. "ನಾವು ಫ್ಯೂಸ್ ಕಿತ್ತು ಆಮ್ಯಾಲೆ ಮೋಟರ್ ಚಾಲೂ ಮಾಡೇವಿ. ಆಕಿ ಮೋಟರ್ ಓಡಾಕತ್ತಿತ್ತು. ಓಡೂ ಮುಂದ ಒಮ್ಮೆ ಕಿತ್ತು ನೋಡೂಣು ಬರ್ರಿ."

ಇಷ್ಟು ಸಣ್ಣ ಮಾತು ನನಗೆ ಹೊಳೆದಿರಲಿಲ್ಲ. ಲ್ಯಾಬಿನ ಮೋಟರನ್ನು ಓಡಿಸಿದೆವು. ಬ್ರೇಕ್ ಡ್ರಮ್ಮಿನ ಪಟ್ಟಿ ಬಿಗಿದು ಅರ್ಧ ಭಾರ ಕೊಟ್ಟೆವು. ಅವರು ಕೈಗವಸು ಹಾಕಿ ಮೊದಲನೆಯ ಫ್ಯೂಸ್ ಕಿತ್ತರು. ಮೋಟರು ಗುಂಯ್ ಎಂದು ಮುಲುಗಿತು. ನಾನು ದೀಪಗಳ ಮುಂದೆ ಬಗ್ಗಿದೆ. ಒಂದು, ಎರಡು, ಮೂರು. ಮೂರೂ ಉರಿಯುತ್ತಿದ್ದವು. ಫ್ಯೂಸ್ ಕಿತ್ತ ತಂತಿಗೆ ವೋಲ್ಟ್‌ಮೀಟರು ಹಿಡಿದೆ. ಮುಳ್ಳು ಇನ್ನೂರರ ಹತ್ತಿರ ಹೋಗಿ ನಿಂತಿತು.

ಫ್ಯೂಸ್ ಮೇಜಿನ ಮೇಲೆ ಬಿದ್ದಿದೆ, ಹೊರಗಿನಿಂದ ಆ ತಂತಿಗೆ ಏನೂ ಬರುತ್ತಿಲ್ಲ, ಆದರೂ ಇನ್ನೂರು ವೋಲ್ಟ್ ಇದೆ. ಹುಟ್ಟಿಸುತ್ತಿರುವುದು ಮೋಟರೇ. ತಿರುಗುತ್ತಿರುವ ಮೋಟರು ತಾನು ಕಳೆದುಕೊಂಡ ಮೂರನೆಯ ಫೇಸನ್ನು ತಾನೇ ಒಳಗಿನಿಂದ ತಯಾರಿಸಿ ತಂತಿಗೆ ತಳ್ಳುತ್ತದೆ. ಅಷ್ಟು ವೋಲ್ಟೇಜಿಗೆ ನಿಯಾನ್ ದೀಪ ಮಂಕಾಗುವುದೂ ಇಲ್ಲ, ಒಮ್ಮೆ ಹಿಡಿದ ರಿಲೇ ಬಿಡುವುದೂ ಇಲ್ಲ. ಇದೇನೂ ಹೊಸ ಸಂಶೋಧನೆಯಲ್ಲ. ಒಂದು ಫೇಸಿನಿಂದ ಮೂರು ಫೇಸ್ ಮಾಡುವ ಯಂತ್ರವೆಂದು ಪ್ರತಿ ವರ್ಷ ಇದನ್ನೇ ನಾನು ಬೋರ್ಡಿನ ಮೇಲೆ ಬರೆದು ಪಾಠ ಮಾಡುತ್ತಿದ್ದೆ. ಪರೀಕ್ಷೆಗೆ ಐದು ಅಂಕದ ಪ್ರಶ್ನೆಯಾಗಿ ಕೊಟ್ಟೂ ಇದ್ದೆ. ಬರೆಯದ ಹುಡುಗರನ್ನು ಬೈದಿದ್ದೆ.

ನಗು ಬಂತು, ನಾಚಿಕೆಯೂ ಆಯಿತು. "ಮತ್ತೊಮ್ಮೆ ಕೀಳಿ," ಎಂದೆ. ಆರು ಸಲ ಕೀಳಿಸಿದೆ. ಆರು ಸಲವೂ ಗಿರಣಿಯಮ್ಮ ಹೇಳಿದ್ದೇ ಆಯಿತು.

ಮರುದಿನ ಬೆಳಿಗ್ಗೆ ಮೊದಲ ಕೆಲಸವಾಗಿ ಸುಂಕದಕಟ್ಟೆಗೆ ಹೋದೆ. "ತಪ್ಪು ನಂದು. ನೀವು ನೋಡಿದ್ದೇ ನಿಜ, ಮೂರೂ ಉರೀತಿದ್ವು," ಎಂದೆ. ಅವರು ಸೆರಗಿನಿಂದ ಕೈ ಒರೆಸಿಕೊಂಡು, "ಅದು ನಂಗ್ ಗೊತ್ತು. ಈಗೇನ್ ಮಾಡ್ತೀರಾ?" ಎಂದರು.

ಏನು ಮಾಡುವುದೆಂದು ನಾನು ದಾರಿಯುದ್ದಕ್ಕೂ ಯೋಚಿಸಿದ್ದೆ. ಇನ್ನೂ ಸೂಕ್ಷ್ಮವಾದ ರಿಲೇ ಹಾಕಿ, ವೋಲ್ಟೇಜ್ ಸ್ವಲ್ಪ ಇಳಿದರೂ ಬೀಳುವಂತೆ ಮಾಡಬಹುದಿತ್ತು. ಅದು ಸುಲಭದ ದಾರಿ, ಪೆಟ್ಟಿಗೆಯೂ ಉಳಿಯುತ್ತಿತ್ತು. ಆದರೆ ಆ ಕಡೆ ಸಂಜೆಯಾದರೆ ವೋಲ್ಟೇಜ್ ತಾನಾಗಿಯೇ ಇಳಿಯುತ್ತಿತ್ತು. ಅಂಥ ರಿಲೇ ಹಾಕಿದರೆ ಫೇಸ್ ಸರಿಯಾಗಿದ್ದಾಗಲೂ ಗಿರಣಿ ಗಳಿಗೆಗೊಮ್ಮೆ ನಿಲ್ಲುತ್ತಿತ್ತು, ಮತ್ತೆ ಯಾರಾದರೂ ತಿರುಪು ತಿರುಗಿಸಿಬಿಡುತ್ತಿದ್ದರು. ಹಾಗಾಗಿ ಗಿರಣಿಯ ಬಾಗಿಲಲ್ಲೇ ತೀರ್ಮಾನಿಸಿದೆ. ವೋಲ್ಟೇಜ್ ನೋಡುವುದನ್ನೇ ಬಿಡಬೇಕು. ಓಡುವ ಮೋಟರು ವೋಲ್ಟೇಜಿನಲ್ಲಿ ನಮಗೆ ಮೋಸ ಮಾಡಬಲ್ಲದು, ಆದರೆ ಫ್ಯೂಸ್ ಹೋದ ತಂತಿಯಲ್ಲಿ ಕರೆಂಟು ಹರಿಸಲಾರದು. ಇನ್ನು ಮುಂದೆ ಕರೆಂಟನ್ನೇ ನೋಡಬೇಕು.

ಮೊದಲ ಪೆಟ್ಟಿಗೆಯನ್ನು ಬಿಚ್ಚಿಕೊಂಡು ಹೋದೆ. ವೈಂಡಿಂಗ್ ಅಂಗಡಿಯವನು ಮೋಟರನ್ನು ಮತ್ತೆ ಸುತ್ತುವಷ್ಟರಲ್ಲಿ ಹೊಸದು ಮುಗಿಯಬೇಕಿತ್ತು. ಲ್ಯಾಬಿನ ಬೀರುವಿನಲ್ಲಿ ಕಬ್ಬಿಣದ ಎರಡು ಬಳೆಗಳಿದ್ದವು, ಯಾವುದೋ ಕಾಲದ ಸಾಮಾನು. ಮೋಟರಿಗೆ ಹೋಗುವ ತಂತಿಯನ್ನು ಬಳೆಯೊಳಗೆ ತೂರಿಸಿ, ಬಳೆಗೆ ಸಣ್ಣ ತಂತಿಯನ್ನು ಮುನ್ನೂರು ಸುತ್ತು ಸುತ್ತಿದರೆ, ದೊಡ್ಡ ತಂತಿಯಲ್ಲಿ ಎಷ್ಟು ಹರಿಯುತ್ತಿದೆಯೆಂದು ಸಣ್ಣದು ಹೇಳುತ್ತದೆ. ನಾನು ಸುತ್ತುವುದು, ಇನ್‌ಸ್ಟ್ರಕ್ಟರ್ ಎಣಿಸುವುದು. ಕೋಣೆಗೆ ಯಾರು ಬಂದರೂ ಅವರು ಎಣಿಕೆ ತಪ್ಪದಂತೆ ಬರೀ ತಲೆಯಾಡಿಸುತ್ತಿದ್ದರು.

ಬಳೆ ಎರಡೇ ಇದೆಯೆಂದು ನನಗೆ ಒಂದು ಕ್ಷಣವೂ ಚಿಂತೆಯಾಗಲಿಲ್ಲ. ಮೂರು ತಂತಿಯಲ್ಲಿ ಹೋಗುವ ಪವರನ್ನು ಅಳೆಯಲು ಎರಡು ವಾಟ್‌ಮೀಟರ್ ಸಾಕು ಎನ್ನುವುದು ಎಲೆಕ್ಟ್ರಿಕಲ್ ಓದಿದವರಿಗೆ ರಕ್ತದಲ್ಲೇ ಇಳಿದಿರುತ್ತದೆ. ಮೊದಲನೆಯ ತಂತಿಗೊಂದು ಬಳೆ, ಎರಡನೆಯದಕ್ಕೊಂದು. ಎರಡರ ಕರೆಂಟೂ ಸಮವಿದ್ದರೆ ರಿಲೇ ಅಲುಗಬಾರದು, ಏರುಪೇರಾದರೆ ಬೀಳಬೇಕು. ಮೋಟರು ಓಡುತ್ತಿರುವಾಗಲೇ ಮೊದಲನೆಯ ಫ್ಯೂಸ್ ಕಿತ್ತೆವು. ಟಕ್. ಒಂದೇ ಸೆಕೆಂಡು, ಮೋಟರು ನಿಂತಿತು. ನಾನು ಇನ್‌ಸ್ಟ್ರಕ್ಟರ್ ಅವರನ್ನು ಅಪ್ಪಿಕೊಂಡುಬಿಟ್ಟೆ. ಮೊದಲನೆಯದನ್ನು ಹನ್ನೆರಡು ಸಲ ಕಿತ್ತೆವು, ಎರಡನೆಯದನ್ನು ನಾಲ್ಕು ಸಲ. ಆಮೇಲೆ ನಾನು ಪೆಟ್ಟಿಗೆ ಮುಚ್ಚಿಸಿ ಸ್ಕೂಟರು ಹತ್ತಿದ್ದೆ.

ಮೋಟರು ಬಂದು ಕೂತಿತ್ತು. ಗಿರಾಕಿಗಳೂ ಬಂದಿದ್ದರು. ಗಂಡನ ಅಣ್ಣನವರು ಅದೇ ಬೆಂಚಿನ ಮೇಲಿದ್ದರು. ನಾನು ಹೊಸ ಪೆಟ್ಟಿಗೆಗೆ ತಂತಿ ಕೊಟ್ಟು ಮುಗಿಸಿ, ಈ ಸಲ ಮಾತು ಕೊಡುವುದಿಲ್ಲ, ನಿಮ್ಮೆದುರಿಗೇ ಮಾಡಿ ತೋರಿಸುತ್ತೇನೆ ಎಂದೆ.

"ನೀವು ತೋರ್ಸೋದ್ ಬ್ಯಾಡ. ನಾನೇ ಕೀಳ್ತೀನಿ," ಎಂದರು ಗಿರಣಿಯಮ್ಮ.

"ಕಿಡಿ ಹಾರುತ್ತೆ ಅಮ್ಮ."

"ಫ್ಯೂಸ್ ಹಾಕೋದೂ ಕೀಳೋದೂ ದಿನಾ ನಾನೇ ಅಲ್ವಾ ಮೇಷ್ಟ್ರೇ."

ರಬ್ಬರ್ ಚಪ್ಪಲಿ ಮೆಟ್ಟಿ, ಕೈಗೆ ಒಣಬಟ್ಟೆ ಸುತ್ತಿಕೊಂಡರು. ಕಲ್ಲಿಗೆ ರಾಗಿ ಬೀಳುತ್ತಿತ್ತು, ಮೋಟರು ಪೂರ್ತಿ ಭಾರದಲ್ಲಿ ಓಡುತ್ತಿತ್ತು. ಮೊದಲನೆಯ ಪಿಂಗಾಣಿ ಫ್ಯೂಸನ್ನು ಒಂದೇ ಎಳೆತಕ್ಕೆ ಕಿತ್ತರು. ಟಕ್. ಕಲ್ಲು ನಿಧಾನವಾಗಿ ನಿಂತಿತು. ಕಾಯುತ್ತಿದ್ದ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಫ್ಯೂಸ್ ಹಾಕಿ ಮತ್ತೆ ಓಡಿಸಿ ಎರಡನೆಯದನ್ನು ಕಿತ್ತರು. ಟಕ್. ನನಗೆ ಹಿಗ್ಗು ತಡೆಯಲಾಗಲಿಲ್ಲ. "ಇಷ್ಟೇ ಅಮ್ಮ, ಆಯ್ತು," ಎಂದು ಕೈ ಒರೆಸಿಕೊಳ್ಳತೊಡಗಿದೆ.

"ಇನ್ನೊಂದ್ ಐತಲ್ಲ," ಎಂದರು ಅವರು, ಮತ್ತೆ ಸ್ಟಾರ್ಟರಿನ ಹಿಡಿ ತಿರುಗಿಸುತ್ತಾ.

ಮೂರನೆಯದನ್ನು ಕಿತ್ತರು. ಟಕ್ ಎನ್ನಲಿಲ್ಲ. ಮೋಟರು ಗುಂಯ್ ಎಂದು ಮುಲುಗಿತು. ಒಂದು ಸೆಕೆಂಡು, ಎರಡು, ಮೂರು. ನಾನು ಪೆಟ್ಟಿಗೆಯನ್ನೇ ನೋಡುತ್ತಾ ನಿಂತಿದ್ದೆ. ಗಿರಣಿಯಮ್ಮ ಕೈಲಿದ್ದ ಫ್ಯೂಸನ್ನು ಬಿಸಾಡಿ, ಆಫ್ ಗುಂಡಿಯ ಮೇಲೆ ಅಂಗೈಯಿಂದ ಬಡಿದರು. ಮೋಟರು ನಿಂತಿತು. ಮೈ ಮುಟ್ಟಿ ನೋಡಿದರು. ಸುಟ್ಟಿರಲಿಲ್ಲ.

ನಾನು ಆಗ ಮಾಡಿದ್ದನ್ನು ನೆನೆಸಿಕೊಂಡರೆ ಈಗಲೂ ಮುಖ ಬಿಸಿಯಾಗುತ್ತದೆ. ನಾನು ನಕ್ಕೆ. ಜೋರಾಗಿಯೇ ನಕ್ಕೆ. ಯಾಕೆ ಹೀಗಾಯಿತು ಎನ್ನುವುದು ಪೂರ್ತಿಯಾಗಿ ಒಂದೇ ಏಟಿಗೆ ಕಣ್ಣ ಮುಂದೆ ಬಂದಿತ್ತು, ಅಂಥ ಹೊತ್ತಿನಲ್ಲಿ ಆಗುವ ಸಂತೋಷವೇ ಬೇರೆ.

"ನಗ್ತಿದೀರಾ?" ಎಂದರು ಗಿರಣಿಯಮ್ಮ. "ನನ್ ಮೋಟರು ಹೋಗ್ತಿತ್ತು, ನೀವ್ ನಗ್ತಿದೀರಾ?"

ಬೆಂಚಿನಿಂದ, "ನಾನ್ ಹೇಳ್ಲಿಲ್ವೇನಮ್ಮ," ಎಂಬ ಮಾತು ಬಂತು.

ನಾನು ನಗು ನಿಲ್ಲಿಸಿ, ಗಿರಣಿಯ ತಕ್ಕಡಿಯ ಹತ್ತಿರ ಹೋದೆ. "ಕ್ಷಮಿಸಿ ಅಮ್ಮ. ಇಲ್ಲಿ ನೋಡಿ. ಮೊದಲನೇ ತಂತಿ ಈ ತಟ್ಟೆ, ಎರಡನೇದು ಆ ತಟ್ಟೆ. ಯಾವ್ದಾದ್ರೂ ಒಂದು ಖಾಲಿ ಆದ್ರೆ ತಕ್ಕಡಿ ವಾಲುತ್ತೆ, ಪೆಟ್ಟಿಗೆಗೆ ಗೊತ್ತಾಗುತ್ತೆ. ಮೂರನೇದು ಹೋದ್ರೆ ಅದರ ಭಾರಾನೂ ಇವೆರಡಕ್ಕೇ ಬೀಳುತ್ತೆ, ಸಮಸಮವಾಗಿ. ಎರಡು ತಟ್ಟೇನೂ ಭಾರ ಆಯ್ತು, ಆದ್ರೆ ಮುಳ್ಳು ನಡುವೇನೇ ನಿಂತಿದೆ. ಎಲ್ಲ ಸರಿಯಾಗಿದೆ ಅಂತ ಪೆಟ್ಟಿಗೆ ಸುಮ್ನಿತ್ತು."

ಅವರು ಒಂದು ತಟ್ಟೆಯನ್ನು ಬೆರಳಿನಿಂದ ಒತ್ತಿ ಬಿಟ್ಟರು.

"ಹಂಗಾದ್ರೆ ಮೂರ್ನೇದ್ನೂ ನೋಡ್ಬೇಕಿತ್ತು."

"ಹೌದು."

"ಮತ್ತೆ ಎರಡೇ ಯಾಕ್ ಇಟ್ರಿ?"

ಎರಡು ವಾಟ್‌ಮೀಟರಿನ ಸಿದ್ಧಾಂತ ಬಾಯಿಯವರೆಗೂ ಬಂದಿತ್ತು. ನುಂಗಿಕೊಂಡೆ. "ಎರಡೇ ಬಳೆ ಇದ್ವು. ಸಾಕು ಅಂದ್ಕೊಂಡೆ," ಎಂದೆ.

ಅವರು ಕೆಳಗೆ ಬಿದ್ದಿದ್ದ ಫ್ಯೂಸನ್ನು ಎತ್ತಿ, ಪಿಂಗಾಣಿ ಬಿರುಕು ಬಿಟ್ಟಿದೆಯೇ ಎಂದು ತಿರುಗಿಸಿ ನೋಡಿದರು. "ಬರೋ ಶನಿವಾರದವರ್ಗೂ ನೋಡ್ತೀನಿ. ಅಲ್ಲೀವರ್ಗೂ ನಾನು ಮೋಟರ್ ಬಿಟ್ಟು ಅಲ್ಲಾಡಾಕಿಲ್ಲ," ಎಂದರು. ನಾನು ತಲೆಯಾಡಿಸಿದೆ.

ಆ ವಾರ ನಾನು ಪಾಠ ಹೇಗೆ ಮಾಡಿದೆನೋ ಹುಡುಗರೇ ಹೇಳಬೇಕು. ಮೂರನೆಯ ಬಳೆ ಸಿಕ್ಕಿದ್ದು ವೈಂಡಿಂಗ್ ಅಂಗಡಿಯ ಹಿಂದಿನ ಹಳೆ ಸಾಮಾನಿನ ರಾಶಿಯಲ್ಲಿ. ತುಕ್ಕು ಹಿಡಿದಿತ್ತು, ಮೊದಲಿನ ಎರಡಕ್ಕಿಂತ ದಪ್ಪವಿತ್ತು. ಅದಕ್ಕೂ ಮುನ್ನೂರು ಸುತ್ತು ಸುತ್ತಿದರೂ ಉಳಿದವುಗಳಿಗೆ ಸರಿಯಾಗಿ ಹೊಂದಲಿಲ್ಲ. ಒಂದು ರೆಸಿಸ್ಟೆನ್ಸ್ ಸೇರಿಸಿ, ತೆಗೆದು, ಬೇರೆ ಸೇರಿಸಿ, ಗುರುವಾರ ಮಧ್ಯಾಹ್ನ ಮೀಟರಿನ ಮುಳ್ಳು ಸೊನ್ನೆಗೆ ಬಂದು ಕೂತಿತು. ಈಗ ಪೆಟ್ಟಿಗೆ ಎರಡು ತಕ್ಕಡಿ ಹಿಡಿದಿತ್ತು. ಒಂದು, ಮೊದಲನೆಯದಕ್ಕೂ ಎರಡನೆಯದಕ್ಕೂ. ಇನ್ನೊಂದು, ಎರಡನೆಯದಕ್ಕೂ ಮೂರನೆಯದಕ್ಕೂ. ಯಾವುದು ವಾಲಿದರೂ ರಿಲೇ ಬೀಳಬೇಕು.

"ಸರ, ಪೆಟಿಗಿ ಮುಚ್ಚೂದು ನನ್ನ ಕೆಲಸ. ನೀವು ಸ್ಕೂಟರ್ ಕೀಲಿ ನನ್ನ ಕೈಯಾಗ ಕೊಡ್ರಿ," ಎಂದರು ಇನ್‌ಸ್ಟ್ರಕ್ಟರ್. ಕೊಟ್ಟೆ. ಮೂರೂ ಫ್ಯೂಸುಗಳನ್ನು, ಕಾಲು ಭಾರದಲ್ಲಿ, ಅರ್ಧದಲ್ಲಿ, ಪೂರ್ತಿಯಲ್ಲಿ, ಒಂದೊಂದನ್ನೂ ಹತ್ತು ಹತ್ತು ಸಲ ಕಿತ್ತರು. ಶುಕ್ರವಾರ ಸಂಜೆ ಕೀಲಿ ವಾಪಸು ಸಿಕ್ಕಿತು.

ಶನಿವಾರ ಇಬ್ಬರೂ ಹೋದೆವು. ಇನ್‌ಸ್ಟ್ರಕ್ಟರ್ ಮಡಿಲಲ್ಲಿ ಪೆಟ್ಟಿಗೆ ಇಟ್ಟುಕೊಂಡು ಸ್ಕೂಟರಿನ ಹಿಂದೆ ಕೂತಿದ್ದರು. ಮಾಗಡಿ ರಸ್ತೆಯ ಗುಂಡಿ ಬಂದಾಗಲೆಲ್ಲ, "ಸಾವಕಾಶ ಸರ," ಎನ್ನುತ್ತಿದ್ದರು. ಗಿರಣಿಯಲ್ಲಿ ಅಂದು ಜನ ಹೆಚ್ಚು. ವಿಷಯ ಹಬ್ಬಿತ್ತು ಎಂದು ಕಾಣುತ್ತದೆ, ಡಬ್ಬಿಯಿಲ್ಲದೆ ಬರಿಗೈಯಲ್ಲಿ ಬಂದವರೂ ಇದ್ದರು. ಡಬ್ಬಿ ತಂದವರು ನಿಂತಿದ್ದರು, ಬೆಂಚಿನ ಮೇಲೆ ಗಂಡನ ಅಣ್ಣನವರೊಬ್ಬರೇ ಕೂತಿದ್ದರು.

ಗಿರಣಿಯಮ್ಮ ಗೋಧಿ ಸುರಿದರು, ಮೋಟರು ಓಡಿಸಿದರು, ಕೈಗೆ ಬಟ್ಟೆ ಸುತ್ತಿಕೊಂಡರು. ಮೊದಲನೆಯದನ್ನು ಬಿಟ್ಟು ನೇರವಾಗಿ ಮೂರನೆಯದಕ್ಕೇ ಕೈ ಹಾಕಿದರು. ಕಿತ್ತರು.

ಟಕ್.

ಮೋಟರಿಗೆ ಮುಲುಗುವಷ್ಟೂ ಪುರುಸೊತ್ತು ಸಿಗಲಿಲ್ಲ. ಕಲ್ಲು ತಿರುಗಿ ತಿರುಗಿ ನಿಂತಿತು. ಫ್ಯೂಸ್ ಹಾಕಿದರು, ಓಡಿಸಿದರು, ಎರಡನೆಯದನ್ನು ಕಿತ್ತರು. ನಿಂತಿತು. ಮೊದಲನೆಯದು. ನಿಂತಿತು. ಮತ್ತೆ ಮೂರನೆಯದು, ಈ ಸಲ ಮೆಣಸಿನಕಾಯಿ ಹಾಕಿ. ಎಲ್ಲರೂ ಸೀನುತ್ತಿದ್ದೆವು. ನಿಂತಿತು. ಹೀಗೆ ಒಂಬತ್ತು ಸಲ. ಪ್ರತಿ ಸಲವೂ ಮೋಟರಿನ ಮೈ ಮುಟ್ಟಿ ನೋಡುತ್ತಿದ್ದರು. ನಾನು ಅಷ್ಟರವರೆಗೆ ಎಷ್ಟೋ ಹುಡುಗರ ವೈವಾ ಪರೀಕ್ಷೆ ಮಾಡಿದ್ದೆ, ಹಾಗೆ ಪ್ರಶ್ನೆ ಕೇಳಲು ನನಗೆ ಬರುತ್ತಿರಲಿಲ್ಲ.

ಒಂಬತ್ತನೆಯ ಸಲ ಫ್ಯೂಸನ್ನು ಒತ್ತಿ ಕೂರಿಸಿ, ಬಟ್ಟೆ ಬಿಚ್ಚಿ ಕೊಡವಿ, ಗಿರಣಿಯಮ್ಮ ಬೆಂಚಿನ ಕಡೆ ತಿರುಗಿದರು. ತಲೆಯ ಮೇಲೆ ಸೆರಗು ಸರಿ ಮಾಡಿಕೊಂಡರು. ಮನೆಯ ಹಿರಿಯರ ಎದುರು ಮಾತಾಡುವ ಮೆಲುದನಿಯಲ್ಲೇ ಹೇಳಿದರು.

"ಭಾವ, ಏಳಿ. ಗಿರಾಕಿ ನಿಂತವ್ರೆ, ಅವ್ರು ಕೂರ್ಬೇಕು."

ಅವರು ಸುತ್ತ ಒಮ್ಮೆ ನೋಡಿದರು. ಆಮೇಲೆ ಎದ್ದು, ಪಂಚೆಗೆ ಹತ್ತಿದ್ದ ಹಿಟ್ಟು ಕೊಡವಿಕೊಂಡು, ರಸ್ತೆಗೆ ಇಳಿದರು. ಡಬ್ಬಿ ಹಿಡಿದಿದ್ದವರು ಯಾರೂ ಮುಂದೆ ಬರಲಿಲ್ಲ. ಬೆಂಚಿನ ಮೇಲೆ ನಾನೇ ಕೂತೆ. ಗಿರಣಿಯಮ್ಮ ಮುಂದಿನ ಡಬ್ಬಿಗೆ ಕೈ ಚಾಚಿದರು.